ಒಂಬತ್ತು ಹಲಗೆ

"ಗುರುಗಳೇ, ಪೇಟೆಯ ವರ್ತಕರೆಲ್ಲ ದೊರೆಯ ಬಳಿಗೆ ಹೋಗಿ, ಹೊತ್ತು ಮುಳುಗುವ ಮೊದಲೇ ಅಂಗಡಿ ಮುಚ್ಚಬೇಕೆಂದು ಆಜ್ಞೆ ಮಾಡಿ ಎಂದು ಬೇಡಿಕೊಂಡರಂತೆ. ತಮ್ಮ ಬಾಗಿಲನ್ನು ತಾವು ಮುಚ್ಚಲು ದೊರೆಯ ಆಜ್ಞೆ ಏಕೆ ಬೇಕು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಬೀದಿಯಲ್ಲಿ ಎದುರುಬದುರಾಗಿ ಎರಡು ಬಟ್ಟೆ ಅಂಗಡಿಗಳಿದ್ದವು. ಒಂದೊಂದರ ಬಾಗಿಲಿಗೂ ಒಂಬತ್ತು ಹಲಗೆ. ಒಂಬತ್ತನ್ನೂ ಜೋಡಿಸಿದರೆ ಅಂಗಡಿ ಮುಚ್ಚಿದಂತೆ.

ಒಬ್ಬ ವರ್ತಕನ ಹೆಂಡತಿ ಕಾಯಿಲೆ ಬಿದ್ದಿದ್ದಳು. ಹಗಲೆಲ್ಲ ಮಂಪರು. ಇಳಿಹೊತ್ತಿನಲ್ಲಿ ಮಾತ್ರ ಎದ್ದು ಗೋಡೆಗೊರಗಿ ಕುಳಿತು ಮಾತನಾಡುತ್ತಿದ್ದಳು. ದೀಪ ಹಚ್ಚುವಷ್ಟರಲ್ಲಿ ಜ್ವರ ಏರುತ್ತಿತ್ತು. ಆಮೇಲೆ ಅವಳಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ.

ಇಳಿಹೊತ್ತಿಗೆ ನೆರೆಮನೆಯವಳು ಅಂಗಡಿಗೆ ಬಂದು ಹೇಳುವಳು: "ಎದ್ದು ಕೂತಿದ್ದಾಳೆ. ನಿಮ್ಮನ್ನು ಕೇಳುತ್ತಿದ್ದಾಳೆ. ಬೇಗ ಬನ್ನಿ."

ವರ್ತಕ ಮೂರು ಹಲಗೆ ಹಾಕುವನು. ಎದುರಂಗಡಿಯನ್ನು ನೋಡುವನು. ಅದು ತೆರೆದೇ ಇರುತ್ತಿತ್ತು. ತನ್ನ ಗಿರಾಕಿಗಳು ಅತ್ತ ತಿರುಗುವುದು ಕಾಣುತ್ತಿತ್ತು. ಮೂರನ್ನೂ ತೆಗೆದುಬಿಡುವನು.

"ಏನು ಸಾಹುಕಾರರೇ, ದಿನಾ ಹಲಗೆಗೆ ಗಾಳಿಯಾಡಿಸುತ್ತೀರಾ?" ಎಂದು ಬೀದಿಯವರು ನಗುತ್ತಿದ್ದರು.

ಒಂದು ದಿನ ನೆರೆಮನೆಯವಳು ಬಂದು ಏನೂ ಹೇಳದೆ ನಿಂತಳು. ಅಂದು ಅವನು ಒಂಬತ್ತೂ ಹಲಗೆ ಹಾಕಿದ.

ಸೂತಕ ಕಳೆದ ಮೇಲೆ ಎದುರಂಗಡಿಯವನು ಮನೆಗೆ ಬಂದ. ಹೇಳಿದ: "ಅಣ್ಣಾ, ನೀನು ಹಲಗೆ ಹಾಕುವಾಗೆಲ್ಲ ನಾನೂ ಒಂದನ್ನು ಕೈಗೆತ್ತಿಕೊಳ್ಳುತ್ತಿದ್ದೆ. ನಮ್ಮಪ್ಪನಿಗೆ ಕಣ್ಣಿಲ್ಲ, ನಾನು ಹೋಗಿ ತುತ್ತು ಕೊಡುವ ತನಕ ಉಣ್ಣುವುದಿಲ್ಲ. ನೀನು ತೆಗೆದೆ, ನಾನೂ ಕೆಳಗಿಟ್ಟೆ."

"ಒಂದು ಮಾತು ಹೇಳಬಾರದಿತ್ತೇ ಮಾರಾಯ?"

"ಹೇಳಿದ್ದರೂ ಏನಾಗುತ್ತಿತ್ತು? ನಾವಿಬ್ಬರು ಮುಚ್ಚಿದರೆ ಹಿಂದಿನ ಬೀದಿಯವನು ತೆರೆದಿರುತ್ತಾನೆ. ಅವನಿಗೂ ಮನೆಯಿದೆ. ಅವನೂ ನಮ್ಮ ಹಲಗೆಯನ್ನೇ ನೋಡುತ್ತಿರುತ್ತಾನೆ."

ಮರುದಿನ ಇಬ್ಬರೂ ಅಂಗಡಿಯಿಂದ ಅಂಗಡಿಗೆ ಹೋದರು. ಯಾರಿಗೂ ಹೆಚ್ಚು ವಿವರಿಸಬೇಕಾಗಲಿಲ್ಲ. ಎಲ್ಲರೂ ಕೂಡಿ ದೊರೆಯ ಬಳಿಗೆ ನಡೆದರು. ದೊರೆ ಆಜ್ಞೆ ಹೊರಡಿಸಿದ.

ಗುರು ಮಾತು ನಿಲ್ಲಿಸಿದರು.

"ಅರ್ಥವಾಯಿತು, ಗುರುಗಳೇ," ಎಂದ ಶಿಷ್ಯ. "ಒಬ್ಬನೇ ಮುಚ್ಚಿದರೆ ನಷ್ಟ, ಎಲ್ಲರೂ ಮುಚ್ಚಿದರೆ ಯಾರಿಗೂ ನಷ್ಟವಿಲ್ಲ. ಅಂತೂ ಆ ವರ್ತಕನೂ ಬೆಳಕಿರುವಾಗಲೇ ಮನೆ ಸೇರುವಂತಾಯಿತಲ್ಲ."

ಗುರು ಹೇಳಿದರು: "ಡಂಗುರ ಸಾರಿದ ದಿನ ಅವನು ಎಲ್ಲರಿಗಿಂತ ಮೊದಲು ಒಂಬತ್ತು ಹಲಗೆ ಹಾಕಿದ, ಹಾಕಿ, ಅಂಗಡಿಯ ಜಗಲಿಯ ಮೇಲೆಯೇ ಕುಳಿತ."