ಮುಚ್ಚದ ತೂಬು

"ನೀರಕೋಟೆಯ ಪ್ರಜೆಗಳೆಲ್ಲ ಕೇಳಿ. ಕೋಟೆಯ ಬಾಗಿಲು, ಬೀದಿಯ ದೀಪ, ಕೆರೆಯ ತೂಬು ಎಲ್ಲವನ್ನೂ ನಡೆಸುವ ಗಣಕಕ್ಕೆ ಒಬ್ಬ ಅಧಿಕಾರಿ ಬೇಕಾಗಿದ್ದಾನೆ. ಅದರ ಒಡಲೊಳಗಿನ ಕರ್ನಲ್‌ನಲ್ಲಿ ಸಂಕೇತಗಳು ಹೇಗೆ ಹೊರಟು ಹೇಗೆ ಮುಟ್ಟುತ್ತವೆಂದು ಮೂರು ಒಗಟು ಕೇಳುತ್ತೇವೆ. ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯ ಕೈ. ತಪ್ಪಿದವನಿಗೆ ತೂಬಿನ ಬಾವಿ."

ಡಂಗುರದವನು ಇಷ್ಟು ಸಾರಿ ಮುಂದಿನ ಕೇರಿಗೆ ಹೋದ. ಅರಸನ ಲಾಯಕ್ಕೆ ಹುಲ್ಲು ಹೊರುವ ದ್ಯಾವ ಹೊರೆ ಇಳಿಸಿ ಅಲ್ಲೇ ಕುಸಿದು ಕೂತ. ಹಿಂದೊಮ್ಮೆ ಇದೇ ಡಂಗುರ ಕೇಳಿ ಅವನ ಅಣ್ಣ ಮಾಯಪ್ಪ ಅರಮನೆಗೆ ಹೋಗಿದ್ದ. ಮರಳಿ ಬಂದಿರಲಿಲ್ಲ.

ಮಾಯಪ್ಪ ಗಣಕದ ಚಾಕರಿಯಲ್ಲೇ ತಲೆ ನರೆಸಿಕೊಂಡವನು. ಒಲೆ ಮುಂದೆ ಕೂತು ತಮ್ಮನಿಗೂ ಕಲಿಸುತ್ತಿದ್ದ. ಗಣಕದಲ್ಲಿ ಓಡುವ ಪ್ರೋಗ್ರಾಂಗಳಿಗೆಲ್ಲ ಕರ್ನಲ್ಲೇ ಯಜಮಾನ. ಯಾವುದೋ ಒಂದು ಕೆಲಸದಲ್ಲಿ ಮುಳುಗಿರುವ ಪ್ರೋಗ್ರಾಂನ ಭುಜ ತಟ್ಟಿ, "ಅದನ್ನು ಬಿಡು, ಮೊದಲು ಇದನ್ನು ನೋಡು" ಎಂದು ಯಜಮಾನ ಹೇಳಿದರೆ ಅದೇ ಸಂಕೇತ. ಹೋಗುವ ಮುಂಚೆ ಅವನು ಹೇಳಿದ್ದ: "ಅರಸರು ಕೊನೆಗೆ ಕೇಳುವುದು ಕಾಲುವೆಯಲ್ಲಿ ಮುಳುಗಿದ ಯುವರಾಜರ ಸಾವನ್ನೇ ಕಣೋ. ತೂಬು ಯಾಕೆ ಮುಚ್ಚಲಿಲ್ಲ ಅಂತ ನಾನು ಕಂಡುಕೊಂಡಿದ್ದೀನಿ. ತಿಳಿದರೆ ಆ ಹೆತ್ತ ಜೀವಕ್ಕೆ ಸಮಾಧಾನ ಆದೀತು." ಉತ್ತರವನ್ನು ತಮ್ಮನಿಗೂ ಬಿಡಿಸಿ ಹೇಳಿದ್ದ.

ಸರಿಯುತ್ತರ ಹೊತ್ತು ಹೋದವನನ್ನು ಯಾಕೆ ಮುಳುಗಿಸಿದರು? ಅದು ತಿಳಿಯದೆ ದ್ಯಾವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮರುದಿನ ಅವನೂ ಅರಮನೆಗೆ ಹೋದ.

ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಪಾಳೆಯಗಾರನ ಮಗ ಕಸ್ತೂರಿನಾಯಕ ಮೊದಲ ಒಗಟಿಗೇ ತಡವರಿಸಿದ. ಅವನನ್ನು ಎಳೆದೊಯ್ದು ಬಾವಿಗಿಳಿಸಿದರು. ಕಹಳೆ "ಕಲಿಯರಸರಿಗೆ ಬಹುಪರಾಕ್" ಎಂದು ಕೂಗಿತು, ತೂಬು ತೆರೆಯಿತು, ನೀರು ಧುಮುಕಿತು. ರಾಜಕುಮಾರಿ ಲಚ್ಚಲೆ ಕಿಟಕಿಯಲ್ಲಿ ನಿಂತು ಅವನ ಕೈ ನೀರಿನಡಿ ಹೋಗುವವರೆಗೂ ನೋಡಿದಳು. ಗಣಕ ಬಲ್ಲೆನೆನ್ನುವವರೆಲ್ಲ ತನ್ನ ತಮ್ಮ ಯುವರಾಜನನ್ನು ಕೊಂದವರೇ ಎಂದು ಅವಳ ಎಣಿಕೆ.

ಎರಡನೆಯವನು ಈಶಾನಭಟ್ಟ, ಹೆಸರಾಂತ ಪಂಡಿತ. ಎರಡು ಒಗಟನ್ನು ಸಲೀಸಾಗಿ ಬಿಡಿಸಿದ. ಮೂರನೆಯದಕ್ಕೆ ಅರಸ ಅವನನ್ನು ಒಳಮನೆಗೆ ಕರೆದೊಯ್ದ. ಹೊರಗೆ ಬರುವಾಗ ಪಂಡಿತನ ಬಾಯಿಗೆ ಬಟ್ಟೆ ಬಿಗಿದಿತ್ತು; ಹಾಗೆಯೇ ಅವನನ್ನೂ ಬಾವಿಗಿಳಿಸಿ ತೂಬು ತೆರೆದರು.

ಸೋತವನ ಬಾಯಿ ಕಟ್ಟುವುದೇಕೆ? ದ್ಯಾವನಿಗೆ ಆಗ ಎಲ್ಲವೂ ಹೊಳೆಯಿತು. ಆದರೂ ಮುಂದೆ ಬಂದು ಅರಸನೆದುರು ನಿಂತ.

ಅರಸ ಕೇಳಿದ: "ಒಬ್ಬ ಕದವಿಕ್ಕಿಕೊಂಡು ಕೆಲಸದಲ್ಲಿದ್ದ. ಒಂದೇ ಸುದ್ದಿ ಹೊತ್ತು ಹಲವರು ಬಂದು ಕದ ತಟ್ಟಿದರು. ಅವನು ಕದ ತೆಗೆದಾಗ ಇದ್ದವನು ಒಬ್ಬನೇ. ಉಳಿದವರು ಎಲ್ಲಿ ಹೋದರು?"

"ಎಲ್ಲೂ ಹೋಗಿಲ್ಲ, ಮಹಾಸ್ವಾಮಿ. ಸಂಕೇತವನ್ನು ತಡೆಹಿಡಿದಿರುವಾಗ ಅದೇ ಬಗೆಯವು ಎಷ್ಟು ಬಂದರೂ ಕರ್ನಲ್ ಒಂದೇ ಗುರುತು ಹಾಕಿಡುತ್ತದೆ. ಬಂದಿದೆಯೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಬೇಕು. ಎಷ್ಟು ಸಲ ಎಂಬುದು ಬೇಡ."

"ಕೊಲ್ಲುವ ಆಜ್ಞೆ ಹೊರಟಿತು. ಅದನ್ನು ತಡೆಯುವ ಹಕ್ಕು ಯಾವ ಪ್ರೋಗ್ರಾಂಗೂ ಇಲ್ಲ. ಆದರೂ ಒಬ್ಬ ಸಾಯಲಿಲ್ಲ. ಯಾಕೆ?"

"ಅವನು ಕರ್ನಲ್‌ನ ಒಳಗೇ ಗಾಢ ನಿದ್ದೆಯಲ್ಲಿ ಡಿಸ್ಕಿನ ಉತ್ತರಕ್ಕೆ ಕಾದಿದ್ದಾನೆ. ಆ ನಿದ್ದೆಯನ್ನು ಯಾವ ಸಂಕೇತವೂ ಕೆಡಿಸುವುದಿಲ್ಲ. ಕಾದದ್ದು ಬಂದು, ಎದ್ದು ಹೊರಗೆ ಹೊರಟಾಗಲೇ ಆಜ್ಞೆ ಅವನನ್ನು ಹಿಡಿಯುತ್ತದೆ. ಅಲ್ಲಿಯವರೆಗೆ ಸಾವೂ ಹೊಸ್ತಿಲಲ್ಲಿ ನಿಲ್ಲಬೇಕು."

ಅರಸ ಎದ್ದ. "ಒಳಗೆ ಬಾ."

"ಇಲ್ಲೇ ಕೇಳಿ, ಮಹಾಸ್ವಾಮಿ," ಎಂದ ದ್ಯಾವ. "ಡಂಗುರದಲ್ಲಿ ಒಳಮನೆಯ ಮಾತಿರಲಿಲ್ಲ."

ಕಿಟಕಿಯ ಬಳಿಯಿಂದ ಲಚ್ಚಲೆ ಹೇಳಿದಳು, "ಇಲ್ಲೇ ಕೇಳಿ ಅಪ್ಪಾ. ಇವನು ಏನು ತೊದಲುತ್ತಾನೋ ನಾನೂ ಕೇಳಬೇಕು."

ಅರಸ ಮತ್ತೆ ಸಿಂಹಾಸನದಲ್ಲಿ ಕೂತ. ಆಮೇಲೆ ಕೇಳಿದ: "ನನ್ನ ಮಗ ಕಾಲುವೆಯಲ್ಲಿ ಈಜುತ್ತಿದ್ದ. ತೂಬು ತೆರೆಯಿತು. ಮುಚ್ಚು ಎಂದು ಕಾವಲಿನವನು ಸಂಕೇತ ಕೊಟ್ಟ. ತೂಬಿನ ಪ್ರೋಗ್ರಾಂ ಬದುಕಿತ್ತು, ಸಂಕೇತ ಮುಟ್ಟಿತ್ತು, ಅದು ವಿಧೇಯವಾಗಿಯೂ ಇತ್ತು. ಆದರೂ ತೂಬು ಮುಚ್ಚಲಿಲ್ಲ. ಅದರ ಕೈ ಹಿಡಿದವರು ಯಾರು?"

"ಅದರ ಕೈಯನ್ನು ಅದೇ ಹಿಡಿದಿತ್ತು. ತೂಬು ತೆರೆಯಲಿ, ಮುಚ್ಚಲಿ, ಮೊದಲು ಕಹಳೆಯಲ್ಲಿ ಪರಾಕು ಕೂಗಬೇಕು. ಒಬ್ಬರು ಕೂಗುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದೆಂದು ಕಹಳೆಗೊಂದು ಬೀಗ. ಅವತ್ತು ತೂಬಿನ ಒಂದು ಕದ ತೆರೆದಾಗಿತ್ತು. ಎರಡನೆಯದಕ್ಕಾಗಿ ಪ್ರೋಗ್ರಾಂ ಬೀಗ ಹಿಡಿದು ಪರಾಕು ಕೂಗುತ್ತಿತ್ತು. ಅಷ್ಟರಲ್ಲಿ ಮುಚ್ಚುವ ಸಂಕೇತ ಬಂತು. ಕರ್ನಲ್ ಆ ಪ್ರೋಗ್ರಾಂ ಅನ್ನು ಅರ್ಧ ಕೂಗಿನಲ್ಲೇ ನಿಲ್ಲಿಸಿ ಮುಚ್ಚುವ ಕೆಲಸಕ್ಕೆ ಹಚ್ಚಿತು. ಮುಚ್ಚಲಿಕ್ಕೂ ಮೊದಲು ಪರಾಕು ಬೇಕು, ಪರಾಕಿಗೆ ಬೀಗ ಬೇಕು. ಬೀಗ ಇದ್ದದ್ದು ನಿಂತುಹೋದ ತನ್ನದೇ ಕೈಯಲ್ಲಿ. ಮುಚ್ಚುವ ಕೆಲಸ ಮುಗಿಯದೆ ಆ ಕೈ ಬಿಡುವಂತಿಲ್ಲ. ತನಗಾಗಿ ತಾನೇ ಕಾಯುತ್ತ ಅದು ನಿಂತೇಬಿಟ್ಟಿತು. ಯುವರಾಜರು ಮುಳುಗಿದರು."

"ಪರಾಕು ಕೂಗಬೇಕೆಂದು ಕಟ್ಟಳೆ ಮಾಡಿದವರು ಯಾರು?" ಲಚ್ಚಲೆ ಕಿಟಕಿ ಬಿಟ್ಟು ಮುಂದೆ ಬಂದಳು.

ಅರಸನೇ ಹೇಳಿದ, "ನಾನು."

"ನಿಮಗೆ ಇದು ಮೊದಲೇ ಗೊತ್ತಿತ್ತೇ?"

"ಮಾಯಪ್ಪ ಹೇಳಿದ. ಆಮೇಲೆ ಮತ್ತೆ ಕೆಲವರು ಹೇಳಿದರು. ಈ ಭಟ್ಟನೂ ಹೇಳಿದ."

"ಹೇಳಿದವರನ್ನೆಲ್ಲ?"

"ಮುಳುಗಿಸಿದೆ. ಬೇರೆ ಉತ್ತರ ತರುವವನು ಯಾರಾದರೂ ಬಂದಾನೆಂದು ಕಾದೆ."

ಸಭೆಯಲ್ಲಿ ಎಲ್ಲರೂ ಕೇಳಿದ್ದರು. ಅರಸ ಕೊಟ್ಟ ಮಾತಿನಂತೆ ಅರ್ಧ ರಾಜ್ಯ ಬರೆದುಕೊಟ್ಟ. ದ್ಯಾವ ಗಣಕದ ಮುಂದೆ ಕೂತು, ತೂಬು ಮುಚ್ಚುವ ಕೆಲಸದಿಂದ ಪರಾಕನ್ನು ಕಿತ್ತುಹಾಕಿದ. ಈಶಾನಭಟ್ಟನಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಮದುವೆಯಾಯಿತು. ಹಸೆಯಿಂದ ಎದ್ದ ಮೇಲೆ ಲಚ್ಚಲೆ ಅವನಿಗೆ ಆಡಿದ ಮೊದಲ ಮಾತು ಇದು: "ಇಷ್ಟು ದಿನ ಸತ್ತವರನ್ನು ಬೈದುಕೊಂಡು ಬದುಕಿದ್ದೆ. ಇನ್ನು ದಿನಾ ಬೆಳಗಾದರೆ ಅಪ್ಪನ ಮುಖ ನೋಡಬೇಕು. ನಿಮ್ಮನ್ನು ನಾನು ಕ್ಷಮಿಸಲಾರೆ."

ಮಾರನೆಯ ದಿನ ದ್ಯಾವ ಆಳುಗಳನ್ನು ಕರೆಸಿ ಬಾವಿ ಬತ್ತಿಸಿದ. ಹೆಣಗಳು ಒಂದರ ಮೇಲೊಂದು ಬಂದವು. ಅಣ್ಣನದು ಯಾವುದೆಂದು ಗುರುತು ಹತ್ತಲಿಲ್ಲ. ಎಲ್ಲಕ್ಕೂ ತಾನೇ ತಮ್ಮನಾಗಿ ನಿಂತು ಕೊಳ್ಳಿಯಿಟ್ಟ.