ಮರ್ದಾನಸಾಬ ಊರೆಲ್ಲ ಮಾಫಿ ಕೇಳಿದ್ದು

ಹತ್ತಿ ತುಂಬಿ ಗಾದಿ ಹೊಲಿಯುವ ಮರ್ದಾನಸಾಬ ಹಜ್ ಯಾತ್ರೆಗೆ ಹೊರಟಿದ್ದ. ಹೊರಡುವ ಮುಂಚೆ ಗುರುತಿದ್ದವರ ಮನೆಗೆಲ್ಲ ಹೋಗಿ, "ಹೇಳಿದ್ದು ಕೇಳಿದ್ದು ಏನಿದ್ರೂ ಮಾಫ್ ಮಾಡ್ರಿ" ಎಂದು ಕೇಳಿಕೊಳ್ಳುವುದು ಅವರಲ್ಲಿ ವಾಡಿಕೆ. ಹೋದವರು ಬರುತ್ತಾರೋ ಇಲ್ಲವೋ ಯಾರಿಗೆ ಗೊತ್ತು? ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹ ಮನ್ನಿಸಿಯಾನು. ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮನ್ನಿಸಬೇಕು.

ಮರ್ದಾನಸಾಬ ಈ ವಾಡಿಕೆಯನ್ನು ಮನಸಾರೆ ಪಾಲಿಸಿದ. ಕ್ಷೌರದವನನ್ನು ಕೇಳಿದ, ಬಳೆಗಾರನನ್ನು ಕೇಳಿದ, ಊರಿಗೆ ಹೊಸದಾಗಿ ಬಂದಿದ್ದ ಮಾಸ್ತರರನ್ನೂ ಬಿಡಲಿಲ್ಲ. ಹೋದಲ್ಲೆಲ್ಲ ಜನ ತಬ್ಬಿಕೊಂಡು ಕಣ್ಣೀರು ಹಾಕಿ ಚಹಾ ಕೊಟ್ಟು ಕಳಿಸುತ್ತಿದ್ದರು. ಸಂಜೆ ಮನೆಗೆ ಬರುವಾಗ ಅವನ ಕಣ್ಣೂ ಒದ್ದೆ, ಹೊಟ್ಟೆಯೂ ತುಂಬಿರುತ್ತಿತ್ತು.

ಇದನ್ನು ನೋಡಿ ನೋಡಿ ಹೆಂಡತಿ ಹೂರಾಂಬಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

"ಆ ಮಾಸ್ತರಿಗೆ ನೀವು ಏನ್ ಅನ್ಯಾಯ ಮಾಡೀರಿ?" ಎಂದು ಕೇಳಿದಳು.

"ಏನಿಲ್ಲ. ಇರ್ಲಿ ಅಂತ ಕೇಳ್ದೆ."

"ಅನ್ಯಾಯ ಮಾಡಿದ ಮನಿ ಬಾಜೂಕ ಐತಿ. ಅಲ್ಲಿಗ್ಯಾಕ ಕಾಲ ಬರವಲ್ವು?"

ಪಕ್ಕದ ಮನೆಯ ಬಂದಗಿಸಾಬನಿಗೆ ಒಂದು ಕಾಲಕ್ಕೆ ಮಾಂಸದ ಅಂಗಡಿಯಿತ್ತು. ಒಮ್ಮೆ ತೂಕದಲ್ಲಿ ಎಲುಬು ಜಾಸ್ತಿ ಬಂತೆಂದು ಮರ್ದಾನಸಾಬ ಅವನೊಡನೆ ಜಗಳ ತೆಗೆದ. ಸಿಟ್ಟು ಇಳಿಯಲಿಲ್ಲ. ಶುಕ್ರವಾರ ನಮಾಜ್ ಮುಗಿದ ಮೇಲೆ ಮಸೀದಿ ಮೆಟ್ಟಿಲ ಮೇಲೆ ನಿಂತು, "ಅವ ಸತ್ತ ಆಡು ಕೊಯ್ದು ಮಾರ್ತಾನ" ಎಂದುಬಿಟ್ಟ. ಹಸಿ ಸುಳ್ಳು. ಆದರೆ ತಾನಾಗಿ ಸತ್ತ ಪ್ರಾಣಿಯ ಮಾಂಸ ಹರಾಮ್, ತಿನ್ನಬಾರದ್ದು. ಆ ಮಾತು ಕಿವಿಗೆ ಬಿದ್ದ ಮೇಲೆ ಅಂಗಡಿಗೆ ಯಾರು ಹೋಗುತ್ತಾರೆ? ನೋಡುನೋಡುತ್ತಲೇ ಬಾಗಿಲು ಬಿತ್ತು. ಈಗ ಬಂದಗಿಸಾಬ ತಳ್ಳುಗಾಡಿಯಲ್ಲಿ ಉಳ್ಳಾಗಡ್ಡಿ ಮಾರುತ್ತಾನೆ. ಅವನ ಕೂಗು ಕೇಳಿದರೆ ಸಾಕು, ಮರ್ದಾನಸಾಬನಿಗೆ ಒಳಗೆ ಏನೋ ಕೆಲಸ ನೆನಪಾಗುತ್ತದೆ.

ಹೂರಾಂಬಿ ಮೆತ್ತಗೆ ಹೇಳಿ ನೋಡಿದ್ದಳು, ಗದರಿಸಿ ನೋಡಿದ್ದಳು, ಊಟ ಬಡಿಸದೆಯೂ ನೋಡಿದ್ದಳು. ಅವನ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು.

"ಹಜ್ ಮಾಡಿದ್ರ ಎಲ್ಲಾ ಪಾಪ ತೊಳ್ಕೊಂಡ ಹೋಗ್ತೈತಿ. ಅಲ್ಲೇ ಜೀವ ಹೋದ್ರ ಇನ್ನೂ ಚಲೋ. ಸೀದಾ ಜನ್ನತ್."

ಗಂಡನ ಯಾತ್ರೆಯ ಬಿಳಿ ಬಟ್ಟೆ ಮಡಚುತ್ತಿದ್ದ ಹೂರಾಂಬಿ ಅದನ್ನು ನೆಲಕ್ಕೆ ಬಿಸಾಕಿದಳು.

"ಹೋಗ್ರಿ ಸೀದಾ. ಖಿಯಾಮತ್ ದಿನ, ಅಲ್ಲಾಹ ಎಲ್ಲಾರ ಲೆಕ್ಕ ನೋಡೂವಾಗ, ಬಂದಗಿಸಾಬ ಅಡ್ಡ ನಿಂತು ನನ್ನ ಹಕ್ಕು ಕೊಡು ಅಂತಾನ. ಅಲ್ಲಿ ರೊಕ್ಕ ನಡಿಯೂದಿಲ್ಲ, ನಿಮ್ಮ ಗಾದಿ ನಡಿಯೂದಿಲ್ಲ. ನಿಮ್ಮ ನಮಾಜಿನ ಪುಣ್ಯ ತಗೋತಾನ, ರೋಜಾ ಉಪವಾಸದ್ದೂ ತಗೋತಾನ. ಸಾಲದಿದ್ರ ಈ ಹಜ್ಜೂ ತಗೋತಾನ. ಅದೂ ಸಾಲದಿದ್ರ ಅವನ ಪಾಪ ನಿಮ್ಮ ತಲಿಮ್ಯಾಲೆ. ಬಿಸಲಾಗ ಕಾಬಾ ಸುತ್ತಿ ಬರಾಂವ ನೀವು, ಪುಣ್ಯ ಉಣ್ಣಾಂವ ಅವ."

ಮರ್ದಾನಸಾಬನ ಮುಖ ಸಣ್ಣದಾಯಿತು.

"ನನ್ನ ಹಜ್ ಅವನಿಗಾ?"

ಇಷ್ಟು ಹೇಳಿದ ಮೇಲೂ ಅವನಿಗೆ ಕಂಡದ್ದು ತಾನು ಮಾಡಿದ ಪಾಪವಲ್ಲ, ಪಕ್ಕದವನಿಗೆ ಆಗುವ ಲಾಭ. ಹೂರಾಂಬಿ ಹಣೆ ಹಣೆ ಬಡಿದುಕೊಂಡಳು. ಹೇಗಾದರೂ ಎದ್ದು ಆ ಮನೆಗೆ ಹೋದರೆ ಸಾಕೆಂದು ಸುಮ್ಮನಾದಳು.

ಬಂದಗಿಸಾಬ ಅಂಗಳದಲ್ಲಿ ಕೂತು ಕೊಳೆತ ಉಳ್ಳಾಗಡ್ಡಿ ಆರಿಸುತ್ತಿದ್ದ. ಮರ್ದಾನಸಾಬ ಅಲ್ಲಿಗೆ ಹೋಗಿ ಎಲ್ಲರಿಗೂ ಹೇಳಿದ ಮಾತನ್ನೇ ಹೇಳಿದ.

"ಹೇಳಿದ್ದು ಕೇಳಿದ್ದು ಏನಿದ್ರೂ ಮಾಫ್ ಮಾಡಪಾ."

"ಏನ್ ಹೇಳಿದ್ದಿ?" ಬಂದಗಿಸಾಬ ತಲೆ ಎತ್ತಲಿಲ್ಲ.

ಮರ್ದಾನಸಾಬ ಬಗ್ಗಿ ಒಂದು ಉಳ್ಳಾಗಡ್ಡಿ ಎತ್ತಿ ತಿರುವಿ ನೋಡತೊಡಗಿದ.

"ನಾ ಏನೂ ಅವಸರ ಮಾಡಿಲ್ಲ," ಬಂದಗಿಸಾಬನೇ ಮುಂದುವರಿಸಿದ. "ನಿನ್ನ ಜೋಡಿ ಜಗಳಕ್ಕೂ ಬರ್ಲಿಲ್ಲ. ಅಲ್ಲಾಹನ ಮುಂದ ಇಸ್ಕೊಂಡ್ರಾತು ಅಂತ ಸುಮ್ಮನ ಕುಂತೀನಿ. ಈಗ ಮಾಫಿ ಬೇಕಂದ್ರ, ಎಲ್ಲಿ ನಿಂತು ಹೇಳಿದ್ದ್ಯೋ ಅಲ್ಲೇ ನಿಂತು ಹೇಳು."

ಆ ರಾತ್ರಿ ಮರ್ದಾನಸಾಬನಿಗೆ ನಿದ್ದೆ ಹತ್ತಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇಷ್ಟು ವರ್ಷ ಆ ಮನುಷ್ಯ ಬಾಯಿ ಮುಚ್ಚಿಕೊಂಡು ಆ ಒಂದು ದಿನಕ್ಕಾಗಿ ಕಾಯುತ್ತಿದ್ದಾನೆ ಎಂಬುದು ಅವನಿಗೆ ನಿಜಕ್ಕೂ ಭಯ ಹುಟ್ಟಿಸಿತು.

ಮರುದಿನ ಶುಕ್ರವಾರ. ನಮಾಜ್ ಮುಗಿಯಿತು. ಹಜ್‌ಗೆ ಹೋಗುವವನೆಂದು ಜನ ಮರ್ದಾನಸಾಬನಿಗೆ ಹಾರದ ಮೇಲೆ ಹಾರ ಹಾಕಿದರು. ಬಂದಗಿಸಾಬ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಹೂರಾಂಬಿ ರಸ್ತೆಯಾಚೆ ಕಟ್ಟೆಯ ಹತ್ತಿರ ಬಂದು ನಿಂತಿದ್ದಳು. ಮನೆಯಲ್ಲಿ ಕೂತರೆ ಈ ಗಂಡಸು ಮತ್ತೇನು ನೆಪ ತೆಗೆಯುತ್ತಾನೋ ಎಂಬ ಚಿಂತೆ ಅವಳಿಗೆ.

ಮರ್ದಾನಸಾಬ ಮೆಟ್ಟಿಲ ಮೇಲೆ ನಿಂತು ಹಾರದೊಳಗೇ ಏನೋ ಗೊಣಗಿದ. ಜನ ದುವಾ ಎಂದುಕೊಂಡು "ಆಮೀನ್" ಎಂದರು.

ಹೂರಾಂಬಿಗೆ ತಡೆಯಲಾಗಲಿಲ್ಲ.

"ಜೋರಾಗಿ ಹೇಳ್ರಿ," ಎಂದಳು ಆಚೆಯಿಂದ. "ಅವತ್ತು ಜೋರಾಗೇ ಹೇಳಿದ್ರಿ."

ಎಲ್ಲರೂ ತಿರುಗಿ ಅವಳನ್ನು ನೋಡಿದರು, ಆಮೇಲೆ ಅವನನ್ನು. ಮರ್ದಾನಸಾಬ ಹಾರಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬಂದಗಿಸಾಬ ಸತ್ತ ಆಡು ಮಾರ್ತಾನ ಅಂತ ಇಲ್ಲೇ ನಿಂತು ಹೇಳಿದ್ದೆ. ಸುಳ್ಳ ಹೇಳಿದ್ದೆ. ಎಲುಬಿನ ಸಿಟ್ಟಿಗೆ ಹೇಳಿದ್ದೆ. ಅವನ ಅಂಗಡಿ ಮುಚ್ಚಿಸಿದಾಂವ ನಾನು."

ಕೂಡಿದವರೆಲ್ಲ ಒಂದು ಕಾಲಕ್ಕೆ ಆ ಮಾತು ನಂಬಿದವರೇ. ಕೆಲವರು ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದರು. ಬಂದಗಿಸಾಬ ಗೋಡೆ ಬಿಟ್ಟು ಮೆಟ್ಟಿಲ ಹತ್ತಿರ ಬಂದ.

"ಮಾಫ್ ಮಾಡೀನಿ," ಎಂದ. "ನಿನ್ನ ಹಜ್ ನೀನ ಇಟ್ಕೊ."

ಹೂರಾಂಬಿ ಮನೆಗೆ ಹೋಗಿ, ಬಿಸಾಕಿದ್ದ ಬಿಳಿ ಬಟ್ಟೆಯನ್ನು ಝಾಡಿಸಿ ಮಡಚಿ ಚೀಲಕ್ಕೆ ಹಾಕಿದಳು.

ನೀತಿ: ತಪ್ಪು ಮಾಡಿದ ಒಂದು ಮನೆ ಬಿಟ್ಟು ಊರೆಲ್ಲ ಕ್ಷಮೆ ಕೇಳಿದರೆ ಅದು ಕ್ಷಮೆಯಲ್ಲ, ಬರೀ ತಿರುಗಾಟ. ಇನ್ನೊಬ್ಬರ ಹಕ್ಕನ್ನು ಬದುಕಿರುವಾಗಲೇ ತೀರಿಸಿ. ಸತ್ತ ಮೇಲೆ ಅದನ್ನು ನಾವು ಗಳಿಸಿದ ಪುಣ್ಯದಿಂದಲೇ ತೀರಿಸಬೇಕಾಗುತ್ತದೆ. ನಾಲ್ಕು ಜನರ ಮುಂದೆ ಕೆಡಿಸಿದ ಹೆಸರನ್ನು ನಾಲ್ಕು ಜನರ ಮುಂದೆಯೇ ಸರಿಮಾಡಬೇಕು.