ಮೂರು ಹಬ್ಬದ ಐಸುಗಡ್ಡೆ

ಒಂದು ಊರಿನಲ್ಲಿ ತಿಪ್ಪೇಶಿ ಎಂಬ ಐಸು ವ್ಯಾಪಾರಿಯಿದ್ದ. ಅವನಿಗೆ ದೇವರ ಭಯ ಅಷ್ಟಾಗಿ ಇರಲಿಲ್ಲ. ಸಮಿತಿಗಳ ಭಯ ಮಾತ್ರ ವಿಪರೀತ ಇತ್ತು.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೇ ಮೂರು ಧರ್ಮಗಳು ಒಂದೇ ಭಾನುವಾರಕ್ಕೆ ಬಂದು ಕೂತವು. ಗುಡಿಯಲ್ಲಿ ರಾಮನವಮಿ. ಚರ್ಚಿನಲ್ಲಿ ಗರಿಗಳ ಭಾನುವಾರ. ಮಸೀದಿಯಲ್ಲಿ ರಂಜಾನ್ ಉಪವಾಸದ ಎಂಟನೇ ದಿನ. ಗುಡಿಯವರಿಗೆ ಮಧ್ಯಾಹ್ನದ ಪಾನಕಕ್ಕೆ ಐಸು ಬೇಕು, ಚರ್ಚಿನವರಿಗೆ ಮೆರವಣಿಗೆ ಮುಗಿದ ಮೇಲಿನ ನಿಂಬೆ ಶರಬತ್ತಿಗೆ ಬೇಕು, ಮಸೀದಿಯವರಿಗೆ ಸಂಜೆಯ ಇಫ್ತಾರಿಗೆ ಬೇಕು. ಹಿಂದಿನ ದಿನವೇ ಟ್ರಾನ್ಸ್‌ಫಾರ್ಮರ್ ಸುಟ್ಟು ಊರಿಗೆ ಕರೆಂಟಿಲ್ಲ, ಐಸು ಕಾರ್ಖಾನೆ ಬಂದ್. ತಿಪ್ಪೇಶಿಯ ಹತ್ತಿರ ಉಳಿದಿದ್ದು ಮೂರೇ ಗಡ್ಡೆ.

ಹಿಂದಿನ ವರ್ಷ ಒಂದು ಸಮಿತಿಯ ಗಡ್ಡೆ ನಾಲ್ಕು ಬೆರಳು ಗಿಡ್ಡವಾಗಿತ್ತು. ಅಂಗಡಿಯ ಮುಂದೆ ಐವತ್ತು ಜನ ಸೇರಿ, "ಯಾರ ಕಡೆಯವನಯ್ಯಾ ನೀನು?" ಎಂದು ಕೇಳಿದ್ದರು. ಐಸು ಮಾರುವವನು ಇದಕ್ಕೇನು ಉತ್ತರ ಕೊಡಬೇಕು? ಅಂದಿನಿಂದ ಅವನು ಟೇಪು ಹಿಡಿದು ಅಳೆಯತೊಡಗಿದ. ಈ ಸಲ ಮೂರೂ ಗಡ್ಡೆಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕೆತ್ತಿ, ಬೇರೆಬೇರೆ ಗೋಣಿಚೀಲ ಸುತ್ತಿ, ಚೀಲದ ಮೇಲೆ ಇದ್ದಿಲಿನಿಂದ ಬರೆದ: ಗುಡಿ, ಚರ್ಚು, ಮಸೀದಿ. ಮೂರನ್ನೂ ಹೊಟ್ಟು ತುಂಬಿದ ಒಂದೇ ಪೆಟ್ಟಿಗೆಯಲ್ಲಿಟ್ಟ. ಪೆಟ್ಟಿಗೆಯ ತೂತಿನಿಂದ ಕರಗಿದ ನೀರು ಕೆಳಗಿನ ಸಿಮೆಂಟು ತೊಟ್ಟಿಗೆ ಬೀಳುತ್ತಿತ್ತು. ಆ ನೀರಿಗೆ ಹೆಸರಿರಲಿಲ್ಲ. ಬೀದಿನಾಯಿ ಕುಡಿಯುತ್ತಿತ್ತು.

ಹನ್ನೊಂದು ಗಂಟೆಗೆ ದುರುಗಮ್ಮ ಓಡಿಬಂದಳು. ರಸ್ತೆಗೆ ಟಾರು ಹಾಕುವ ಕೂಲಿಯವಳು. ಕೈಯಲ್ಲಿ ಜಲ್ಲಿ ಹೊರುವ ಬಾಂಡ್ಲಿ.

"ಅಣ್ಣಾ, ಒಂದಿಷ್ಟು ಐಸು ಹಾಕು. ನಮ್ಮೆಜಮಾನ ಬಿಸಿಲಿಗೆ ಬಿದ್ದುಬಿಟ್ಟವ್ನೆ. ಮೈ ಕೆಂಡ ಆಗೈತೆ, ಮಾತಿಲ್ಲ ಕತೆಯಿಲ್ಲ. ನಲ್ಲೀಲಿ ಕುದಿಯೋ ನೀರು ಬರ್ತೈತೆ. ಬೇಗ ಮೈ ತಣ್ಣಗೆ ಮಾಡದಿದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು."

ಆಸ್ಪತ್ರೆ ಬೀದಿಯ ಕೊನೆಯಲ್ಲೇ ಇತ್ತು. ತಿಪ್ಪೇಶಿ ಐಸು ಒಡೆಯುವ ಉಳಿ ಎತ್ತಿದ. 'ಗುಡಿ' ಎಂದು ಕಾಣಿಸಿತು. ಕೈ ನಿಂತಿತು. ಪಕ್ಕದಲ್ಲಿ 'ಚರ್ಚು'. ಅದರಾಚೆ 'ಮಸೀದಿ'. 

"ಎರಡು ನಿಮಿಷ ನಿಲ್ಲವ್ವಾ. ಒಂದು ಮಾತು ಕೇಳಿಬಂದುಬಿಡ್ತೀನಿ."

"ಯಾರನ್ನ?"

"ಮೂರು ಜನಾನ."

ಉಳಿ ಹಿಡಿದೇ ಸೈಕಲ್ ಹತ್ತಿದ.

ಗುಡಿಯಲ್ಲಿ ರಾಮನವಮಿ ಸಮಿತಿಯ ಶೇಷಗಿರಿರಾಯರು ಬೆಲ್ಲ ಕರಗಿಸುತ್ತಿದ್ದರು. "ಮೊದಲು ಆ ಉಳಿ ಕೆಳಗಿಡಯ್ಯಾ, ಹೆದರಿಕೆಯಾಗುತ್ತೆ," ಎಂದರು. ವಿಷಯ ಕೇಳಿ, "ಛೆ ಛೆ! ಬಿದ್ದವನು ಯಾರ ಪೈಕಿ?" ಎಂದರು.

"ಟಾರಿನ ಪೈಕಿ ಸ್ವಾಮಿ."

"ಯಾರಾದರೇನು, ಜೀವ ದೊಡ್ಡದು. ಒಡೆದು ಕೊಡು. ಆದರೆ ನಮ್ಮದೊಂದನ್ನೇ ಒಡೆದರೆ ಜನ ಏನಂತಾರೆ? ಅವರಿಬ್ಬರನ್ನೂ ಕೇಳು."

ಚರ್ಚಿನ ಮುಂದೆ ಗರಿ ಹಿಡಿದ ಮೆರವಣಿಗೆ. ಸಿಪ್ರಿಯನ್ ಮಾಸ್ತರು ಸಾಲು ಸರಿಮಾಡುತ್ತಲೇ ಹೇಳಿದರು: "ಧಾರಾಳವಾಗಿ ಕೊಡಪ್ಪಾ. ರಾಯರು ಎಷ್ಟು ಕೊಟ್ಟರು?"

"ಇನ್ನೂ ಕೊಟ್ಟಿಲ್ಲ."

"ಹಾಗಾದರೆ ಅವರು ಕೊಟ್ಟಷ್ಟೇ ನಮ್ಮದೂ ಇರಲಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಮಸೀದಿಯ ನೆರಳಲ್ಲಿ ಖಲಂದರ್ ಸಾಹೇಬರು ಒಣತುಟಿಯಲ್ಲಿ ಕೂತಿದ್ದರು. "ಇದಕ್ಕೆ ಕೇಳೋದೇನಿದೆ ತಿಪ್ಪೇಶಿ? ನಮ್ಮದೇ ಮೊದಲು ಒಡಿ!" ಎಂದರು. ತಿಪ್ಪೇಶಿಗೆ ಜೀವ ಬಂದಂತಾಯಿತು. ಅವನು ಸೈಕಲ್ ತಿರುಗಿಸುವಷ್ಟರಲ್ಲಿ, "ತಡಿ ತಡಿ. ನಮ್ಮದೇ ಮೊದಲು ಅಂದ್ರೆ ದೊಡ್ಡಸ್ತಿಕೆ ತೋರಿಸ್ತಾರೆ ಅಂತಾರೆ. ಮೂರೂ ಸಮಸಮ ಒಡಿ. ಮೂರೂ ಕಡೆಯವರು ನಿಂತು ನೋಡಲಿ. ನಾಳೆ ಮಾತು ಬರಬಾರದು," ಎಂದರು.

ತಿಪ್ಪೇಶಿ ಮತ್ತೆ ಗುಡಿಗೆ, ಮತ್ತೆ ಚರ್ಚಿಗೆ ಹೋದ. ಬೆನ್ನ ಮೇಲೆ ಬಿಸಿಲು. ಆ ಮನುಷ್ಯ ಇನ್ನೂ ಇದ್ದಾನೋ ಇಲ್ಲವೋ! ಎಲ್ಲರೂ ಒಪ್ಪಿದರು. ಇಲ್ಲವೆಂದವರು ಒಬ್ಬರೂ ಇಲ್ಲ. ಹತ್ತು ನಿಮಿಷದಲ್ಲಿ ಸಾಕ್ಷಿಗೆ ಬರುತ್ತೇವೆಂದರು. ಅಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಅಂಗಡಿಗೆ ಬಂದರೆ ದುರುಗಮ್ಮ ಇಲ್ಲ. ಪೆಟ್ಟಿಗೆ ತೆರೆದಿತ್ತು. ಮೂರು ಗೋಣಿಚೀಲವೂ ಇಲ್ಲ. ಕೆಳಗಿನ ತೊಟ್ಟಿ ಬರಿದಾಗಿತ್ತು. ಉಳಿಯಿಲ್ಲದೆ ಒಡೆಯಲಾಗದ ಮೂರು ಗಡ್ಡೆಗಳು ಹೊಟ್ಟಿನಲ್ಲಿ ಬೆತ್ತಲೆ ಮಲಗಿದ್ದವು. ಯಾವುದು ಯಾರದು? ಟೇಪು ಹಿಡಿದು ಅಳೆದು ಕೆತ್ತಿದವನಿಗೇ ತಿಳಿಯಲಿಲ್ಲ.

ಅವನು ಸಾಕ್ಷಿಗಳಿಗೆ ಕಾಯಲಿಲ್ಲ. ಹತ್ತಿರವಿದ್ದ ಗಡ್ಡೆಯನ್ನು ಸೈಕಲ್ಲಿಗೇರಿಸಿ ಆಸ್ಪತ್ರೆಗೆ ಓಡಿದ.

ದುರುಗಮ್ಮನ ಗಂಡ ಓಬಳೇಶ ಹಸಿ ಗೋಣಿಚೀಲ ಹೊದ್ದು ಮಲಗಿದ್ದ. ಎದೆಯ ಮೇಲೆ 'ಗುಡಿ', ಹೊಟ್ಟೆಯ ಮೇಲೆ 'ಮಸೀದಿ', ಕಾಲಿಗೆ 'ಚರ್ಚು'. ಇದ್ದಿಲು ಕರಗಿ ಅಕ್ಷರ ಸೋರುತ್ತಿತ್ತು. ಬಾಂಡ್ಲಿಯಲ್ಲಿ ತೊಟ್ಟಿಯ ತಣ್ಣೀರು. ಅವನು ಕಣ್ಣು ಬಿಟ್ಟಿದ್ದ. ಹೆಂಡತಿ ರಟ್ಟಿನಿಂದ ಗಾಳಿ ಬೀಸುತ್ತಿದ್ದಳು.

"ಏನಣ್ಣಾ," ಎಂದಳು ದುರುಗಮ್ಮ, ತಲೆಯೆತ್ತದೆ, "ಮೀಟಿಂಗು ಮುಗೀತಾ?"

ತಿಪ್ಪೇಶಿ ಗಡ್ಡೆ ಇಳಿಸಿದ. ಉಳಿ ಎತ್ತಿ ಒಡೆಯತೊಡಗಿದ.

ಉಳಿದ ಎರಡು ಗಡ್ಡೆಗಳನ್ನು ಮೂರು ಪಾಲು ಮಾಡಿ ಕಳಿಸಿದ. ಚೀಲವಿಲ್ಲದ ಐಸು ದಾರಿಯಲ್ಲೇ ಅರ್ಧವಾಯಿತು. ಪಾನಕ ಬೆಚ್ಚಗಿತ್ತು. ಶರಬತ್ತು ಬೆಚ್ಚಗಿತ್ತು. ಇಫ್ತಾರಿನ ಹೊತ್ತಿಗೆ ಐಸು ಎಂಬುದು ಬರೀ ನೆನಪಾಗಿತ್ತು. ದೇವರುಗಳ ಕಡೆಯಿಂದ ದೂರು ಬರಲಿಲ್ಲ. "ಯಾರ ಕಡೆಯವನಯ್ಯಾ?" ಎಂದೂ ಯಾರೂ ಕೇಳಲಿಲ್ಲ. ಏಕೆಂದರೆ ಆ ಸಂಜೆ ಮೂರೂ ಕಡೆ ಬ್ಯಾಟರಿ ಮೈಕು ಹಿಡಿದು ಒಂದೇ ಮಾತು ಹೇಳುತ್ತಿದ್ದರು: ಒಬ್ಬ ಕೂಲಿಯವನ ಜೀವ ಉಳಿಸಿದ್ದು ನಮ್ಮ ಐಸುಗಡ್ಡೆ.

ತಿಪ್ಪೇಶಿ ಬರಿದಾದ ತೊಟ್ಟಿಯ ಪಕ್ಕ ಕೂತು ಮೂರನ್ನೂ ಕೇಳಿಸಿಕೊಂಡ. ನಾಯಿ ಬಂದು ತೊಟ್ಟಿ ಮೂಸಿ ಹೋಯಿತು.

ನೀತಿ: ಒಳ್ಳೆಯ ಕೆಲಸಕ್ಕೆ ಯಾರೂ ಇಲ್ಲವೆನ್ನುವುದಿಲ್ಲ, ಮೊದಲು ಇನ್ನೊಬ್ಬರನ್ನು ಕೇಳು ಎನ್ನುತ್ತಾರೆ. ಅಷ್ಟು ಹೊತ್ತು ಕಾಯಲು ಬಿದ್ದವನಿಗೆ ಪುರುಸೊತ್ತಿರುವುದಿಲ್ಲ. ಮೊದಲು ಕೊಡಿ. ಬೈಗುಳವಿದ್ದರೆ ಆಮೇಲೆ ತಿನ್ನಬಹುದು.